ಕಾಡಿಗೆ ರೆಪ್ಪೆಗೆ, ಕಣ್ಣುಗುಡ್ಡೆಗಲ್ಲ

ಕಣ್ಣಿಗೆ ಕಾಡಿಗೆ ಹಚ್ಚುವ ವಿದ್ಯೆಯನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾವ ಶಾಲೆಯೂ ಕಲಿಸಿದುದಿಲ್ಲ. ಹರಳೆಣ್ಣೆಯ ದೀಪದ ಕುಡಿಯ ಮೇಲೆ ತಟ್ಟೆಯೊಂದನ್ನು ಬೋರಲು ಹಿಡಿದು, ಅದಕ್ಕೆ ಕೂಡಿದ ಮಸಿಯನ್ನು ಬೆಣ್ಣೆಯಲ್ಲಿ ಕಲಸಿ, ಬೆರಳ ತುದಿಯಿಂದ ಮೊಮ್ಮಗಳ ರೆಪ್ಪೆಯ ಅಂಚಿಗೆ ತೀಡುವ ಅಜ್ಜಿಯ ಕೈ ಎಂದೂ ತಪ್ಪುವುದಿಲ್ಲ. ಅಂಚಿಗೆ ಬಿದ್ದ ಕಪ್ಪು ಕಣ್ಣಿಗೆ ಶೋಭೆ. ಗುಡ್ಡೆಗೆ ತಾಗಿದ ಕಪ್ಪು ಕಣ್ಣಿಗೆ ಉರಿ. ವಸ್ತು ಒಂದೇ, ಇಟ್ಟ ಸ್ಥಳ ಬೇರೆ. ಈ ಸಣ್ಣ ವಿವೇಕವನ್ನು ನಾವು ಇಂದು ಮೋಟಾರು ವಾಹನಗಳ ಕಣ್ಣಿಗೂ ಅನ್ವಯಿಸಿ ನೋಡಬೇಕಾಗಿದೆ. ಏಕೆಂದರೆ ಕಾರುಗಳ ಮುಂದೀಪಗಳನ್ನು, ಅಂದರೆ ಎಲ್ಲರೂ ಹೆಡ್‌ಲೈಟು ಎಂದು ಕರೆಯುವುದನ್ನು, ಬಿಚ್ಚಿ ಅದರ ಒಳಮನೆಗೆ ಕಪ್ಪು ಬಣ್ಣ ಬಳಿಸುವ ಹವ್ಯಾಸವು ನಗರದಿಂದ ಹಳ್ಳಿಗೂ ಇಳಿದು ಬಂದಿದೆ.

ಇದೇನು ದೊಡ್ಡ ವಿಷಯವೆಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಕಾರು ಅವರದು, ದೀಪ ಅವರದು, ಬಣ್ಣದ ದುಡ್ಡೂ ಅವರದೇ. ಆದರೆ ಬೆಳಕು ಮಾತ್ರ ಅವರೊಬ್ಬರದಲ್ಲ. ರಾತ್ರಿಯ ರಸ್ತೆಯಲ್ಲಿ ಒಂದು ವಾಹನದ ದೀಪವು ಅದನ್ನು ನಡೆಸುವವನಿಗೆ ಎಷ್ಟು ಸೇರಿದ್ದೋ ಎದುರಿನಿಂದ ಬರುವವನಿಗೂ ಅಷ್ಟೇ ಸೇರಿದ್ದು; ರಸ್ತೆಯ ಅಂಚಿನಲ್ಲಿ ಕಾಲ್ನಡೆಯಲ್ಲಿ ಹೋಗುವವನಿಗೆ ಇನ್ನೂ ಒಂದು ಪಾಲು ಹೆಚ್ಚು ಸೇರಿದ್ದು. ಈ ಮಾತನ್ನು ಬಿಡಿಸಿ ಹೇಳುವುದಕ್ಕೆ ಹೊಗೆನಕಲ್ಲಿನ ರಸ್ತೆಗಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ.

ಹೊಗೆನಕಲ್ಲನ್ನು ನಮ್ಮ ಪತ್ರಿಕೆಯ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ಕಾವೇರಿಯು ಬಂಡೆಗಳ ಸಂದಿಯಲ್ಲಿ ಧುಮುಕಿ ಎಬ್ಬಿಸುವ ತುಂತುರು ಹೊಗೆಯಂತೆ ಕಾಣುವುದರಿಂದಲೇ ಆ ಕಲ್ಲಿಗೆ ಆ ಹೆಸರು, ಹೆಸರೇ ಕನ್ನಡದ್ದು. ನದಿಯ ಆಚೆ ದಡ ಕರ್ನಾಟಕ, ಈಚೆ ದಡ ಧರ್ಮಪುರಿ ಜಿಲ್ಲೆ. 1965ರಲ್ಲಿ ಧರ್ಮಪುರಿಯು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇದೆಲ್ಲವೂ ಸೇಲಂ ಜಿಲ್ಲೆಯೇ ಆಗಿತ್ತು. ಪೆನ್ನಾಗರದಿಂದ ಜಲಪಾತಕ್ಕೆ ಸುಮಾರು 16 ಕಿ.ಮೀ. ದಾರಿ. ಊರುಕೇರಿ ಮುಗಿದ ಮೇಲೆ ಕಾಡು, ಕಾಡಿನೊಳಗೆ ಘಾಟಿಯ ಇಳಿಜಾರು, ತಿರುವಿನ ಮೇಲೆ ತಿರುವು. ಹಗಲಿನಲ್ಲಿ ಈ ದಾರಿ ಕಣ್ಣಿಗೆ ಹಬ್ಬ. ಸಂಜೆ ಕಳೆದ ಮೇಲೆ ಇದರ ಸ್ವಭಾವವೇ ಬೇರೆ.

ಹರಿಗೋಲಿನ ವಿಹಾರ, ಎಣ್ಣೆಸ್ನಾನ, ಹುರಿದ ಮೀನಿನ ಊಟ, ಇವೆಲ್ಲ ಮುಗಿಯುವಷ್ಟರಲ್ಲಿ ಪ್ರವಾಸಿಗರಿಗೆ ಹೊತ್ತು ಮುಳುಗಿರುತ್ತದೆ. ಆಡಿ ಹದಿನೆಂಟರಂದು, ಅಮಾವಾಸ್ಯೆಯಂದು, ಬೇಸಗೆಯ ರಜೆಯಲ್ಲಿ ಬಾಡಿಗೆ ಕಾರುಗಳು ಒಂದರ ಬೆನ್ನಿಗೊಂದು ಘಾಟಿ ಹತ್ತುತ್ತವೆ. ಅದೇ ಹೊತ್ತಿನಲ್ಲಿ ದಿನವಿಡೀ ದುಡಿದ ಕೂಲಿಯವರು ಮನೆಗೆ ಮರಳುತ್ತಿರುತ್ತಾರೆ. ಮೇಯಲು ಹೋದ ದನಗಳು ಹಟ್ಟಿಗೆ ಬರುತ್ತಿರುತ್ತವೆ. ಹಿಂದೀಪವಿಲ್ಲದ ಸೈಕಲ್ಲಿನ ಮೇಲೆ ಮುದುಕನೊಬ್ಬ ಹಿಂಡಿಯ ಚೀಲ ಹೇರಿಕೊಂಡು ಬರುತ್ತಿರುತ್ತಾನೆ. ಕಾಡಿನ ಭಾಗದಲ್ಲಿ ಆನೆಗಳ ಹಾದಿಯೂ ಈ ರಸ್ತೆಯನ್ನು ಅಡ್ಡ ಹಾಯುತ್ತದೆ. ಆನೆ ಎಷ್ಟು ದೊಡ್ಡ ಪ್ರಾಣಿಯಾದರೂ ಅದರ ಮೈಬಣ್ಣ ಬೆಳಕನ್ನು ಹಿಂದಿರುಗಿಸುವುದಲ್ಲ. ಕತ್ತಲೆಯೇ ಎದ್ದು ನಿಂತಂತೆ, ಹತ್ತಿರವಾದ ಮೇಲೆಯೇ ಕಣ್ಣಿಗೆ ಬೀಳುತ್ತದೆ.

ಈ ದಾರಿಯಲ್ಲಿ ಬಾಡಿಗೆ ಕಾರು ನಡೆಸಿ ಸಂಸಾರ ಸಾಗಿಸುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೆಲವು ತಿಂಗಳ ಹಿಂದೆ ನಮ್ಮಲ್ಲಿಗೆ ಬಂದನು. ಸಾಲ ಮಾಡಿ ಕೊಂಡ ಹಳೆಯ ಕಾರು. ಅದಕ್ಕೆ ಹೊಸ ಕಳೆ ತರಬೇಕೆಂಬ ಆಸೆ.

"ಮೇಷ್ಟ್ರೇ, ದೀಪದ ಒಳಗೆಲ್ಲ ಕಪ್ಪು ಹೊಡೆಸಿದರೆ ಗಾಡಿಗೆ ಒಂದು ಗತ್ತು ಬರುತ್ತದೆ. ಬೆಂಗಳೂರಿನ ಗಾಡಿಗಳಲ್ಲಿ ನೋಡಿದ್ದೇನೆ. ಬರುವ ಗಿರಾಕಿಗಳೂ ಈಗ ಗಾಡಿಯ ಚಂದ ನೋಡಿಯೇ ಹತ್ತುವುದು. ಹೊಡೆಸಲೇ?" ಎಂದು ಕೇಳಿದನು.

"ಬೆಳಕು ಕಡಿಮೆಯಾಗುವುದಿಲ್ಲವೇನಪ್ಪಾ?" ಎಂದೆವು.

"ಬಲ್ಬು ಅದೇ ಇರುತ್ತದಲ್ಲ ಮೇಷ್ಟ್ರೇ! ಬೆಳಕು ಕೊಡುವುದು ಬಲ್ಬು ತಾನೇ?"

ಅವನ ಪ್ರಶ್ನೆಯನ್ನು ಹಗುರವಾಗಿ ತಳ್ಳುವಂತಿಲ್ಲ. ವಿದ್ಯಾವಂತರಲ್ಲಿಯೂ ನೂರಕ್ಕೆ ತೊಂಬತ್ತು ಮಂದಿ ಹಾಗೆಯೇ ತಿಳಿದಿರುತ್ತಾರೆ. ಬಾಯಿಮಾತಿನ ಉತ್ತರಕ್ಕಿಂತ ಕಣ್ಣಿಗೆ ಕಾಣುವ ಉತ್ತರ ಮೇಲೆಂಬುದು ಉಪಾಧ್ಯಾಯ ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠ. ಆದುದರಿಂದ ಶಾಲೆಯ ಬೀರುವಿನಲ್ಲಿದ್ದ ಟಾರ್ಚನ್ನು ತಂದು, ಕೋಣೆಯ ಕಿಟಕಿ ಮುಚ್ಚಿ, ಗೋಡೆಯ ಮೇಲೆ ಬೆಳಕು ಬಿಟ್ಟೆವು. ದುಂಡಗಿನ ಬೆಳಕಿನ ಚಕ್ರ ಮೂಡಿತು. ಅನಂತರ ಟಾರ್ಚಿನ ಮುಚ್ಚಳ ಬಿಚ್ಚಿ, ಬಲ್ಬನ್ನು ಮುಟ್ಟದೆ, ಅದರ ಸುತ್ತಲಿನ ಹೊಳೆಯುವ ಬೋಗುಣಿಗೆ ಮಾತ್ರ ಕಪ್ಪು ಕಾಗದವನ್ನು ಕತ್ತರಿಸಿ ಹೊಂದಿಸಿದೆವು. ಬಲ್ಬು ಅದೇ, ಸೆಲ್ಲು ಅದೇ. ಗೋಡೆಯ ಮೇಲಿನ ಚಕ್ರ ಮಾಯವಾಗಿ, ಮಂಕಾದ ಬೆಳಕು ಕೋಣೆಯಲ್ಲೆಲ್ಲ ಚೆದುರಿಹೋಯಿತು. ಹುಡುಗನು ಮಾತನಾಡಲಿಲ್ಲ.

ವಾಚಕರ ಮನೆಯಲ್ಲಿಯೂ ಮಕ್ಕಳೊಂದಿಗೆ ಈ ಪ್ರಯೋಗವನ್ನು ಮಾಡಿ ನೋಡಬಹುದು, ಖರ್ಚಿಲ್ಲ. ಇದರ ತತ್ತ್ವ ಸರಳವಾದುದು. ಬಲ್ಬಿನ ತಂತಿಯು ಬೆಳಕನ್ನು ಎಲ್ಲ ದಿಕ್ಕಿಗೂ ಎರಚುತ್ತದೆ. ಮುಂದಕ್ಕೆ ನೇರವಾಗಿ ಹೋಗುವ ಪಾಲು ಸ್ವಲ್ಪವೇ. ಉಳಿದುದೆಲ್ಲ ಪಕ್ಕಕ್ಕೂ ಹಿಂದಕ್ಕೂ ಹೋಗುತ್ತದೆ. ಆ ಚೆದುರಿದ ಬೆಳಕನ್ನೆಲ್ಲ ಕೂಡಿಸಿ, ದಿಕ್ಕು ಕೊಟ್ಟು ರಸ್ತೆಯ ಮೇಲೆ ಚೆಲ್ಲುವುದೇ ಹೊಳೆಯುವ ಬೋಗುಣಿಯ ಕೆಲಸ. ಪುಸ್ತಕದ ಮಾತಿನಲ್ಲಿ ಅದು ಪ್ರತಿಫಲಕ, ಮೆಕ್ಯಾನಿಕ್ಕರ ಬಾಯಲ್ಲಿ ರಿಫ್ಲೆಕ್ಟರ್. ಅದರ ಮೈಗೆ ಬಹಳ ತೆಳುವಾದ ಅಲ್ಯುಮಿನಿಯಂ ಲೇಪವಿರುತ್ತದೆ. ಒರಟು ಬಟ್ಟೆಯಿಂದ ತಿಕ್ಕಿದರೂ ಕೆಡುವಷ್ಟು ನಾಜೂಕಾದ ಲೇಪ ಅದು. ಬಲ್ಬು ಎಣ್ಣೆಯಾದರೆ ಬೋಗುಣಿಯೇ ಕೈ. ಎಣ್ಣೆ ಇದ್ದು ಬಡಿಸುವ ಕೈ ಇಲ್ಲದಿದ್ದರೆ ಊಟ ಹೇಗಾದೀತು?

ಹಾಗಾದರೆ ಮುಂದೀಪದೊಳಗೆ ಕಪ್ಪಿಗೆ ಎಡೆಯೇ ಇಲ್ಲವೇ? ಇದೆ, ಅದನ್ನೂ ನ್ಯಾಯವಾಗಿ ಹೇಳಬೇಕು. ಬೋಗುಣಿಯ ಸುತ್ತ, ಗಾಜಿನ ಅಂಚಿನ ಒಳಗಡೆ, ಅಲಂಕಾರಕ್ಕಾಗಿಯೇ ಕೂರಿಸಿದ ಒಂದು ಚೌಕಟ್ಟಿರುತ್ತದೆ. ಅದು ಬೆಳ್ಳಿಯಂತೆ ಹೊಳೆದರೂ ರಸ್ತೆಗೆ ಬೆಳಕು ಕೊಡುವ ಕೆಲಸ ಅದಕ್ಕಿಲ್ಲ. ಬೆಲೆಬಾಳುವ ಅನೇಕ ಕಾರುಗಳಲ್ಲಿ ತಯಾರಕರೇ ಆ ಚೌಕಟ್ಟನ್ನು ಕಪ್ಪಾಗಿ ಮಾಡಿರುತ್ತಾರೆ. ಕ್ಯಾಮರಾದ, ದುರ್ಬೀನಿನ ಒಳಮೈ ಕಪ್ಪಾಗಿರುವುದನ್ನು ನೋಡಿದವರಿಗೆ ಅಲೆದಾಡುವ ಬೆಳಕನ್ನು ನುಂಗಲು ಕಪ್ಪು ಎಷ್ಟು ಉಪಯುಕ್ತವೆಂದು ಗೊತ್ತು. ಹಾಗೆ ನೋಡಿದರೆ ಚೌಕಟ್ಟಿನ ಕಪ್ಪು ರೆಪ್ಪೆಯ ಕಾಡಿಗೆ. ಅದರಿಂದ ದೃಷ್ಟಿಗೆ ಕುಂದಿಲ್ಲ. ಬೋಗುಣಿಯ ಕಪ್ಪು ಮಾತ್ರ ಗುಡ್ಡೆಗೆ ಬಳಿದ ಮಸಿ.

ಇಷ್ಟು ವ್ಯತ್ಯಾಸ ತಿಳಿದಿದ್ದರೆ ಸಾಲದೇ ಎಂದರೆ ಸಾಲದು. ಹಿಂದಿನ ಅಂಬಾಸಿಡರ್ ಕಾರಿನ ದುಂಡು ದೀಪದಲ್ಲಿ ಒಂದೇ ಬೋಗುಣಿ, ಅದರ ಮುಂದೆ ಗೀರುಗೀರಾದ ದಪ್ಪ ಗಾಜು. ಬೆಳಕನ್ನು ಹಂಚುತ್ತಿದ್ದುದು ಆ ಗಾಜಿನ ಗೀರುಗಳು. ಇಂದಿನ ಅನೇಕ ದೀಪಗಳಲ್ಲಿ ಮುಂದಿನ ಹೊದಿಕೆ ತಿಳಿಯಾದ ಪ್ಲಾಸ್ಟಿಕ್ಕು. ಹಂಚುವ ಕೆಲಸವನ್ನೆಲ್ಲ ಬೋಗುಣಿಯ ಮೈಯಲ್ಲಿರುವ ಸಣ್ಣ ಸಣ್ಣ ಮಡಿಕೆಗಳೇ ಮಾಡುತ್ತವೆ. ಯಾವ ಮಡಿಕೆ ರಸ್ತೆಯ ಎಡ ಅಂಚಿಗೆ ಬೆಳಕು ಕೊಡುತ್ತದೆ, ಯಾವುದು ಬರಿಯ ಅಲಂಕಾರ ಎಂಬುದನ್ನು ಬಣ್ಣ ಹೊಡೆಯುವ ಅಂಗಡಿಯ ಹುಡುಗನು ಕಣ್ಣಳತೆಯಿಂದ ಹೇಳಲಾರನು. ಅವನ ಕುಂಚ ಅಥವಾ ತುಂತುರು ಡಬ್ಬಿ ಒಂದು ಬೆರಳಿನಷ್ಟು ಒಳಗೆ ಸರಿದರೂ, ಹೋದ ಬೆಳಕು ಎಲ್ಲಿಯದೆಂಬುದು ಕತ್ತಲೆಯ ತಿರುವಿನಲ್ಲಿಯೇ ಗೊತ್ತಾಗುವುದು.

ಇಲ್ಲಿ ಒಂದು ಸೊಗಸಾದ ಸಂಗತಿಯನ್ನು ವಾಚಕರ ಗಮನಕ್ಕೆ ತರಬೇಕು. ನಮ್ಮ ದೇಶದ ಲೆಕ್ಕವಿಲ್ಲದಷ್ಟು ಕಾರುಗಳಲ್ಲಿ ಬಳಕೆಯಲ್ಲಿರುವ 60/55 ವಾಟಿನ ಹ್ಯಾಲೊಜೆನ್ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಮೂತಿಗೆ ತಯಾರಕನೇ ಕಪ್ಪು ಬಳಿದಿರುವುದು ಕಾಣುತ್ತದೆ. ತಂತಿಯ ಬೆಳಕು ಬೋಗುಣಿಯ ಶಿಸ್ತಿಗೆ ಒಳಪಡದೆ ನೇರವಾಗಿ ಎದುರಿನವನ ಕಣ್ಣಿಗೆ ಹಾರಬಾರದೆಂಬುದೇ ಆ ಕಪ್ಪಿನ ಉದ್ದೇಶ. ಅದೇ ಬಲ್ಬಿನೊಳಗೆ ಎರಡು ತಂತಿಗಳಿವೆ. ಒಂದು ದೂರದ ಬೆಳಕಿಗೆ, ಇನ್ನೊಂದು ಡಿಮ್ ಎಂದು ನಾವು ಕರೆಯುವ ತಗ್ಗು ಬೆಳಕಿಗೆ. ತಗ್ಗು ಬೆಳಕಿನ ತಂತಿಯ ಕೆಳಗೆ ಲೋಹದ ಪುಟ್ಟ ಬಟ್ಟಲೊಂದು ಅಡ್ಡ ನಿಂತು, ಬೆಳಕು ಬೋಗುಣಿಯ ಕೆಳ ಅರ್ಧಕ್ಕೆ ಬೀಳದಂತೆ ತಡೆಯುತ್ತದೆ. ಮೇಲಿನ ಅರ್ಧಕ್ಕೆ ಬಿದ್ದ ಬೆಳಕು ಮಾತ್ರ ಪ್ರತಿಫಲಿಸಿ ಕೆಳಮುಖವಾಗಿ ರಸ್ತೆಗೆ ಇಳಿಯುತ್ತದೆ. ಮರೆ ಎಲ್ಲಿ ಬೇಕೋ ಅಲ್ಲಿ, ಬೇಕಾದಷ್ಟೇ ಇದೆ. ದೃಷ್ಟಿಬೊಟ್ಟನ್ನು ಮಗು ಹುಟ್ಟುವಾಗಲೇ ಇಟ್ಟು ಕಳಿಸಿದಂತೆ!

ಇದನ್ನು ತಿಳಿದ ಮೇಲೆ ಹಳೆಯ ಪದ್ಧತಿಯೊಂದರ ಗುಣದೋಷವೂ ತಿಳಿಯುತ್ತದೆ. ಹಿರಿಯ ವಾಚಕರಿಗೆ ನೆನಪಿರಬಹುದು: 1965ರ ಮತ್ತು 1971ರ ಯುದ್ಧಕಾಲದಲ್ಲಿ ಶತ್ರುವಿಮಾನಗಳಿಗೆ ಕಾಣದಿರಲೆಂದು ದೇಶದ ಅನೇಕ ಕಡೆ ವಾಹನಗಳ ಮುಂದೀಪದ ಮೇಲಿನ ಅರ್ಧಕ್ಕೆ ಕಪ್ಪು ಬಳಿಯಲಾಗಿತ್ತು. ಯುದ್ಧ ಮುಗಿದ ಮೇಲೂ ಲಾರಿ ಬಸ್ಸುಗಳ ದೀಪದ ಗಾಜಿನ ನಡುವೆ ಕಪ್ಪು ಬೊಟ್ಟು ಬಹುಕಾಲ ಉಳಿಯಿತು. ಈಗಲೂ ರಸ್ತೆ ಸುರಕ್ಷತೆಯ ಆಚರಣೆಯ ದಿನಗಳಲ್ಲಿ ಪೊಲೀಸರು ವಾಹನಗಳನ್ನು ನಿಲ್ಲಿಸಿ ದೀಪಕ್ಕೆ ಕಪ್ಪು ಚೀಟಿ ಅಂಟಿಸುವುದುಂಟು. ಎದುರಿನವನ ಕಣ್ಣು ಕೋರೈಸಬಾರದೆಂಬ ಅದರ ಆಶಯವು ಮೆಚ್ಚತಕ್ಕದ್ದೇ. ಆದರೆ ಮೇಲೆ ಹೇಳಿದ ಬಲ್ಬಿರುವ ದೀಪದಲ್ಲಿ ಗಾಜಿನ ಮೇಲಿನ ಅರ್ಧಕ್ಕೆ ಕಪ್ಪು ಬಳಿದರೆ ಕುಂದುವುದು ತಗ್ಗು ಬೆಳಕೇ. ಆಗ ಚಾಲಕನು ದಾರಿ ಕಾಣದೆ ದೂರದ ಬೆಳಕನ್ನೇ ಹಾಕಿಕೊಂಡು ಓಡಿಸುತ್ತಾನೆ. ಔಷಧವೇ ರೋಗವನ್ನು ಹೆಚ್ಚಿಸಿದಂತಾಗುತ್ತದೆ.

ಬೆಳಕನ್ನು ಕುಂದಿಸಿದರೆ ಏನಾಗುತ್ತದೆಂಬುದಕ್ಕೆ ಲೋಕದ ಅನುಭವವೂ ಸಾಕ್ಷಿಯಾಗಿದೆ. 1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧವು ಆರಂಭವಾದ ಕೂಡಲೇ ಬ್ರಿಟನ್ ದೇಶದಲ್ಲಿ ಬೀದಿದೀಪಗಳನ್ನು ಆರಿಸಿ, ವಾಹನಗಳ ದೀಪಕ್ಕೆ ಮರೆ ಕಟ್ಟಿಸಿದರು. ಆ ಒಂದು ತಿಂಗಳಲ್ಲಿ ರಸ್ತೆಯಲ್ಲಿ ಸತ್ತವರ ಸಂಖ್ಯೆಯು ಹಿಂದಿನ ವರ್ಷದ ಸೆಪ್ಟೆಂಬರಿಗೆ ಹೋಲಿಸಿದರೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅನಂತರ ರಸ್ತೆಯ ಅಂಚಿನ ಕಲ್ಲುಗಳಿಗೂ ಮರಗಳಿಗೂ ಬಿಳಿ ಬಣ್ಣ ಬಳಿದರು; ವೇಗಕ್ಕೆ ಮಿತಿ ಹಾಕಿದರು. ನಮ್ಮ ಸಾಲುಮರಗಳ ಬುಡಕ್ಕೆ ಬಿಳಿ ಪಟ್ಟೆ ಬಳಿಯುವುದರ ಅರ್ಥವೂ ಅದೇ. ಯುದ್ಧದ ಭಯದಿಂದ ಒಂದು ದೇಶವು ತಾನಾಗಿ ತಂದುಕೊಂಡ ಕತ್ತಲೆಯನ್ನು ನಾವು ಚಂದಕ್ಕಾಗಿ ತಂದುಕೊಳ್ಳುವುದೇ?

ಇನ್ನು ಕೆಲಸದ ರೀತಿಯನ್ನು ನೋಡೋಣ. ದೀಪದ ಹೊದಿಕೆಯನ್ನು ತಯಾರಕರು ಅಂಟಿನಿಂದ ಬಿಗಿಯಾಗಿ ಮುಚ್ಚಿರುತ್ತಾರೆ. ಬಣ್ಣ ಹೊಡೆಯುವವರು ದೀಪವನ್ನು ಕಳಚಿ, ಬಿಸಿಗಾಳಿಯಿಂದ ಆ ಅಂಟನ್ನು ಮೆದುಗೊಳಿಸಿ, ಹೊದಿಕೆಯನ್ನು ಎಬ್ಬಿಸುತ್ತಾರೆ. ಚೌಕಟ್ಟನ್ನು ಉಪ್ಪುಕಾಗದದಿಂದ ಉಜ್ಜಿ ಕಪ್ಪು ಬಣ್ಣ ಹಾಕಿ, ಒಣಗಿಸಿ, ಮತ್ತೆ ಅಂಟಿಸುತ್ತಾರೆ. ತೆರೆದ ಮೇಲೆ ಮೊದಲಿನಷ್ಟು ಬಿಗಿಯಾಗಿ ಮುಚ್ಚುವುದು ಸುಲಭವಲ್ಲ. ಸೂಜಿಮೊನೆಯಷ್ಟು ಸಂದು ಉಳಿದರೂ ಮಳೆಗಾಲದ ತೇವ ಒಳಗೆ ಹೊಕ್ಕು ಬೆವರಿನಂತೆ ಕೂರುತ್ತದೆ. ಧೂಳು ಅದಕ್ಕೆ ಅಂಟುತ್ತದೆ. ಬೋಗುಣಿಯ ಲೇಪವು ಸುಲಿಯತೊಡಗುತ್ತದೆ. ಬೆಂಕಿಯಂತೆ ಕಾಯುವ ಬಲ್ಬಿನ ಬಳಿ ಶಾಖ ತಾಳದ ಬಣ್ಣವಿದ್ದರೆ ಅದರಿಂದ ಹೊರಟ ಆವಿಯು ಹೊದಿಕೆಯ ಒಳಮೈಯಲ್ಲಿ ಮಬ್ಬಾಗಿ ಕೂರುತ್ತದೆ. ಹೊರಗಿನಿಂದ ಒರೆಸಿದರೆ ಅದು ಹೋಗುವುದಲ್ಲ. ಬೆಳಕು ಕುಂದಿತೆಂದು ಚಾಲಕನು 100 ವಾಟಿನ ಬಲ್ಬು ತಂದು ಹಾಕುತ್ತಾನೆ. ತಂತಿಯೂ ಹಿಡಿಕೆಯೂ ಕಾದು ಕರಗುತ್ತವೆ. ಎದುರಿನವನ ಕಣ್ಣು ಕುಕ್ಕುತ್ತದೆ. ಒಂದು ಚಂದವು ನಾಲ್ಕು ಕೇಡಿಗೆ ದಾರಿ ಮಾಡಿತು.

ನಮ್ಮ ಬಾಲ್ಯದಲ್ಲಿ ದಿನವೂ ಸಂಜೆ ಮನೆಯ ಹೆಂಗಸರು ಲಾಂದ್ರದ ಗಾಜನ್ನು ಬೂದಿ ಹಾಕಿ ತಿಕ್ಕಿ, ಹಳೆಯ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹಿಂದಿನ ರಾತ್ರಿಯ ಮಸಿ ಒಂದು ಎಳೆಯಷ್ಟು ಉಳಿದರೂ ಅವರಿಗೆ ಸಮಾಧಾನವಿಲ್ಲ. ಅವರಾರೂ ಬೆಳಕಿನ ಶಾಸ್ತ್ರ ಓದಿದವರಲ್ಲ. ದೀಪದ ಗಾಜಿನಿಂದ ಮಸಿಯನ್ನು ತೆಗೆಯುವುದು ಸಂಸ್ಕಾರವೆಂದು ತಿಳಿದಿದ್ದ ಮನೆಗಳಲ್ಲಿ ಇಂದು ದುಡ್ಡು ಕೊಟ್ಟು ಮಸಿ ಬಳಿಸುತ್ತಿದ್ದೇವೆ.

ಕಾಯಿದೆಯು ಈ ವಿಷಯದಲ್ಲಿ ಮೌನವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮುಂದೀಪದ ಬೆಳಕು ಸದಾ ಕೆಳಮುಖವಾಗಿ ಬಾಗಿರಬೇಕೆಂದೂ, ದೀಪದಿಂದ 8 ಮೀಟರು ದೂರದಲ್ಲಿ 1.5 ಮೀಟರು ಎತ್ತರದಲ್ಲಿ ಕಣ್ಣುಳ್ಳ ಮನುಷ್ಯನನ್ನು ಅದು ಕೋರೈಸಬಾರದೆಂದೂ ವಿಧಿಸಿವೆ. ಆ ಎತ್ತರ ಸಾಮಾನ್ಯ ಮನುಷ್ಯನೊಬ್ಬನ ಕಣ್ಣಿನ ಎತ್ತರ. ಕಾಯಿದೆಯು ಕಾಲ್ನಡೆಯವನನ್ನು ಮರೆತಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ನೋಂದಣಿ ಪತ್ರದಲ್ಲಿರುವ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲಿಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಆಗಬಹುದು. ನದಿಯಾಚೆಗೆ ಕರ್ನಾಟಕದ ಪೊಲೀಸರು 2024ರಲ್ಲಿ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ವಿಶೇಷ ಕಾರ್ಯಾಚರಣೆಯನ್ನೇ ಕೈಗೊಂಡರು. ಎರಡು ರಾಜ್ಯಗಳಲ್ಲಿ ಓಡಾಡುವ ನಮ್ಮವರಿಗೆ ಎರಡೂ ಕಡೆಯ ಎಚ್ಚರ ಬೇಕು.

ಬೋಗುಣಿಯ ಸುತ್ತಲಿನ ಚೌಕಟ್ಟಿನ ಬಣ್ಣವು ನೋಂದಣಿ ಪತ್ರದಲ್ಲಿ ಬರೆದಿರುವುದಿಲ್ಲವಲ್ಲ ಎಂದು ವಾದಿಸುವವರುಂಟು. ವಾದ ಚುರುಕಾಗಿದೆ. ಆದರೆ ದೀಪದ ಹೊದಿಕೆಯ ಮೇಲೆ ಅಚ್ಚಾಗಿರುವ ಪರೀಕ್ಷೆಯ ಗುರುತನ್ನು ಪಡೆದದ್ದು ಮುಚ್ಚಿದ ಇಡಿಯ ದೀಪವೇ ಹೊರತು ಬಿಚ್ಚಿ ಬಳಿದು ಅಂಟಿಸಿದ ದೀಪವಲ್ಲ. ಬಾಡಿಗೆ ವಾಹನದವರಿಗಂತೂ ಇದು ಅನ್ನದ ಪ್ರಶ್ನೆ. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ಅರ್ಹತಾ ಪತ್ರಕ್ಕಾಗಿ ವಾಹನವನ್ನು ಪರೀಕ್ಷೆಗೆ ಒಡ್ಡಬೇಕು. ದೀಪ ಸರಿಯಿಲ್ಲವೆಂದು ಪತ್ರ ನಿಂತರೆ ಆ ದಿನಗಳ ದುಡಿಮೆ ನಿಂತಿತು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಕಾಯಿದೆಯನ್ನು ಬದಿಗಿಟ್ಟು ಬರಿಯ ಲೆಕ್ಕವನ್ನೇ ಮಾಡೋಣ. ಗಂಟೆಗೆ 60 ಕಿ.ಮೀ. ವೇಗವೆಂದರೆ ನಿಮಿಷಕ್ಕೆ 1,000 ಮೀಟರು. ಸೆಕೆಂಡಿಗೆ ಸುಮಾರು 17 ಮೀಟರು. ಎದುರಿಗೆ ಏನೋ ಇದೆಯೆಂದು ಕಂಡು ಕಾಲು ಬ್ರೇಕಿಗೆ ಹೋಗುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲಿ 25 ಮೀಟರು ಕಳೆಯಿತು. ಒಣಗಿದ ಒಳ್ಳೆಯ ರಸ್ತೆಯಲ್ಲಿ ಬ್ರೇಕು ಹಿಡಿದು ನಿಲ್ಲಲು ಇನ್ನು 20 ಮೀಟರಾದರೂ ಬೇಕು. ಕೂಡಿದರೆ 45 ಮೀಟರು. ಸರಿಯಾಗಿರುವ ತಗ್ಗು ಬೆಳಕು ದಾರಿಯನ್ನು ತೋರುವುದು ಸಾಮಾನ್ಯವಾಗಿ 40 ರಿಂದ 50 ಮೀಟರಿನವರೆಗೆ. ಅಂದರೆ ಎಲ್ಲವೂ ನೆಟ್ಟಗಿದ್ದಾಗಲೇ ಉಳಿತಾಯದ ಬಾಬ್ತು ಸೊನ್ನೆಯ ಹತ್ತಿರವಿದೆ! ದೂರ ಇಮ್ಮಡಿಸಿದರೆ ಬೆಳಕು ನಾಲ್ಕರಲ್ಲೊಂದು ಪಾಲಾಗುತ್ತದೆಂದು ನಾವು ಶಾಲೆಯಲ್ಲಿ ಕಲಿಸುವ ಸೂತ್ರವನ್ನು ತಿರುಗಿಸಿ ಹೇಳಿದರೆ, ದೀಪದ ಬೆಳಕು ನಾಲ್ಕರಲ್ಲೊಂದಕ್ಕೆ ಇಳಿದಾಗ ಅದು ಕಾಣಿಸುವ ದೂರವು ಅರ್ಧಕ್ಕೆ ಇಳಿಯುತ್ತದೆ. ಕಾಣುವುದು ಇಪ್ಪತ್ತೈದು ಮೀಟರು, ನಿಲ್ಲುವುದಕ್ಕೆ ಬೇಕಾದುದು ನಲವತ್ತೈದು. ನಡುವಿನ ಇಪ್ಪತ್ತು ಮೀಟರಿನಲ್ಲಿ ಇರುವವರು ಯಾರು? ಅದೇ ಸೈಕಲ್ಲಿನ ಮುದುಕ, ಅದೇ ಮನೆಗೆ ಮರಳುವ ತಾಯಿ.

ಹಾಗೆಂದು ಬೆಳಕನ್ನು ಹೆಚ್ಚಿಸಿ ಎತ್ತಿ ಬಿಟ್ಟರೆ ಕೇಡು ಇನ್ನೊಂದು ಬಗೆಯದು. ಪ್ರಖರವಾದ ಬೆಳಕು ಬಿದ್ದಾಗ ಕಣ್ಣಿನ ಪಾಪೆ ಬೇಗ ಕಿರಿದಾಗುತ್ತದೆ; ಕತ್ತಲೆಗೆ ಮತ್ತೆ ಹಿಗ್ಗುವುದು ನಿಧಾನ. ವಯಸ್ಸಾದಂತೆ ಆ ನಿಧಾನವು ಹೆಚ್ಚುತ್ತದೆಂಬುದನ್ನು ಐವತ್ತು ದಾಟಿದ ನಾವು ಬಲ್ಲೆವು. ಕಣ್ಣು ಕುಕ್ಕಿಸಿಕೊಂಡ ಚಾಲಕನು ಮೂರು ಸೆಕೆಂಡು ಏನನ್ನೂ ಕಾಣದೆ ಹೋದರೆ ಅದೇ ವೇಗದಲ್ಲಿ ಐವತ್ತು ಮೀಟರು ಕುರುಡನಾಗಿ ಸಾಗಿದನೆಂದು ಲೆಕ್ಕ. ಘಾಟಿಯಲ್ಲಿ ಐವತ್ತು ಮೀಟರಿಗೆ ಒಂದು ತಿರುವಿರುತ್ತದೆ. ಲಾರಿಗಳ ಹಿಂದೆ ರಾತ್ರಿ ಡಿಪ್ಪರ್ ಬಳಸಿರೆಂದು ಬರೆದಿರುವುದು ಈ ಕಾರಣಕ್ಕೆ. ಸೇಲಂ ಹೆದ್ದಾರಿಯ ತೊಪ್ಪೂರು ಘಾಟಿಯನ್ನು ರಾತ್ರಿ ಇಳಿದವರಿಗೆ ಆ ಬರಹದ ಬೆಲೆ ಚೆನ್ನಾಗಿ ಗೊತ್ತು. ಮಂಜು ಕವಿದಾಗಲಂತೂ ದೂರದ ಬೆಳಕು ಮಂಜಿನ ಹನಿಗಳಿಗೆ ತಾಗಿ ಚಾಲಕನ ಕಣ್ಣಿಗೇ ತಿರುಗಿ ಬರುತ್ತದೆ.

ಈ ಲೆಕ್ಕವನ್ನೆಲ್ಲ ಕೇಳಿದ ಮೇಲೆ ನಮ್ಮ ವಿದ್ಯಾರ್ಥಿಯು ಭಾನುವಾರ ಸಂಜೆ ಕಾರನ್ನು ಶಾಲೆಯ ಅಂಗಳಕ್ಕೆ ತಂದನು. ಸಮತಲವಾದ ನೆಲದಲ್ಲಿ, ಗೋಡೆಗೆ ಎದುರಾಗಿ 10 ಮೀಟರು ದೂರದಲ್ಲಿ ನಿಲ್ಲಿಸಿದೆವು. ಚಕ್ರಗಳ ಗಾಳಿ ಸರಿಯಿದೆಯೆಂದು ನೋಡಿ, ನೆಲದಿಂದ ದೀಪದ ನಡುವಿನವರೆಗಿನ ಎತ್ತರವನ್ನು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆವು. ತಗ್ಗು ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 10 ಸೆಂಟಿಮೀಟರು ಕೆಳಗಿರಬೇಕು. ಎಡಕ್ಕೆ ಮಾತ್ರ ಸ್ವಲ್ಪ ಏರಿರಬೇಕು, ಏಕೆಂದರೆ ನಾವು ರಸ್ತೆಯ ಎಡಗಡೆ ಹೋಗುವವರು, ನಡೆಯುವವರು ಇರುವುದೂ ಆ ಅಂಚಿನಲ್ಲಿಯೇ. ನೋಡಿದರೆ ಎಡದೀಪ ಸರಿಯಾಗಿತ್ತು; ಬಲದೀಪವು ಗೆರೆಯನ್ನು ದಾಟಿ ಒಂದು ಮೊಳ ಮೇಲೆ, ಬೇವಿನ ಕೊಂಬೆಯನ್ನು ಬೆಳಗುತ್ತಿತ್ತು! ಹಿಂದೊಮ್ಮೆ ಬಂಪರಿಗೆ ಪೆಟ್ಟು ಬಿದ್ದಾಗ ಅಲುಗಿದ್ದಂತೆ. ಎದುರಿನವರು ತನ್ನ ಮೇಲೆ ಹಾಯ್ದು ದೀಪ ಮಿಟುಕಿಸಿ ಬೈಯುವುದೇಕೆಂದು ಅವನಿಗೆ ಆವರೆಗೆ ತಿಳಿದಿರಲಿಲ್ಲ.

"ಕೊಂಬೆಯ ಮೇಲಿನ ಕಾಗೆಗೆ ದಾರಿ ತೋರಿಸುತ್ತಿದ್ದೆನಲ್ಲ ಮೇಷ್ಟ್ರೇ!" ಎಂದು ನಕ್ಕು, ತಿರುಪನ್ನು ತಿರುಗಿಸಿ ಅವನೇ ಸರಿಮಾಡಿದನು. ಬಣ್ಣಕ್ಕೆಂದು ತೆಗೆದಿಟ್ಟ ಹಣದಲ್ಲಿ ಒಂದು ಜೊತೆ ನಿಯಮಬದ್ಧವಾದ ಹೊಸ ಬಲ್ಬು ಬಂದಿತು, ಉಳಿದುದು ಸಾಲದ ಕಂತಿಗೆ ಹೋಯಿತು. ಗಿರಾಕಿಗಳು ಕಡಿಮೆಯಾಗಲಿಲ್ಲ.

ವಾಹನವಿರುವ ಮನೆಯವರು ಇಷ್ಟನ್ನು ಪಾಲಿಸಿದರೆ ಸಾಕು. ಹೊರಡುವ ಮುನ್ನ ದೀಪದ ಹೊದಿಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿರಿ. ಹ್ಯಾಲೊಜೆನ್ ಬಲ್ಬನ್ನು ಬದಲಿಸುವಾಗ ಅದರ ಗಾಜನ್ನು ಬರಿಗೈಯಿಂದ ಮುಟ್ಟಬೇಡಿರಿ. ಬೆರಳಿನ ಜಿಡ್ಡಿದ್ದೆಡೆ ಅದು ಹೆಚ್ಚು ಕಾದು ಬೇಗ ಕೆಡುತ್ತದೆ. ಹಿಂದಿನ ಆಸನದಲ್ಲಿ ನೆಂಟರು, ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಕಾರಿನ ಮುಂಭಾಗ ಎದ್ದು ಬೆಳಕೂ ಏಳುತ್ತದೆ. ಅದನ್ನು ತಗ್ಗಿಸುವ ತಿರುಗುಗುಂಡಿ ಹಲವು ಕಾರುಗಳಲ್ಲಿದೆ, ಬಳಸಿರಿ. ಕಪ್ಪಿನ ಚಂದವೇ ಬೇಕೆನ್ನುವವರು ತಯಾರಕರೇ ಕಪ್ಪು ಚೌಕಟ್ಟು ಹಾಕಿ ಪರೀಕ್ಷೆ ಮಾಡಿಸಿದ ದೀಪ ತಮ್ಮ ಕಾರಿಗೆ ಸಿಗುವುದೇ ಎಂದು ವಿಚಾರಿಸಲಿ. ಇದ್ದ ದೀಪವನ್ನು ಬಿಚ್ಚಿಸುವುದು ಬೇಡ.

ವಾಹನವಿಲ್ಲದವರಿಗೂ ಒಂದು ಮಾತು. ಕತ್ತಲಾದ ಮೇಲೆ ನಡೆಯುವಾಗ ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಗಡೆ ನಡೆಯಿರಿ. ಕಡುಬಣ್ಣದ ಹೊದಿಕೆಯ ಮೇಲೆ ಒಂದು ಬಿಳಿ ಟವೆಲು ಇರಲಿ. ಅದು ಬಹು ದೂರದಿಂದ ಕಾಣುತ್ತದೆ. ಸೈಕಲ್ಲಿನ ಹಿಂದೆ ಕೆಂಪು ಬಿಲ್ಲೆ, ಎತ್ತಿನ ಗಾಡಿಯ ಹಿಂದೆ ಹೊಳೆಯುವ ಪಟ್ಟಿ ಇರಲಿ. ಬೆಲೆ ಹತ್ತಿಪ್ಪತ್ತು ರೂಪಾಯಿ, ಅದು ಕಾಯುವುದು ಮನೆಯ ಯಜಮಾನನನ್ನು. ನಮ್ಮ ಶಾಲೆಯ ಮಕ್ಕಳು ಈ ವರ್ಷ ತಮ್ಮ ತಮ್ಮ ಮನೆಯ ಸೈಕಲ್ಲುಗಳಿಗೆ ಅಂತಹ ಪಟ್ಟಿಯನ್ನು ತಾವೇ ಅಂಟಿಸಿದ್ದಾರೆ. ವಾಚಕರ ಊರುಗಳಲ್ಲಿಯೂ ಮಕ್ಕಳ ಕೈಗೆ ಈ ಕೆಲಸವನ್ನು ಒಪ್ಪಿಸಬಹುದು. ಅವರು ದೊಡ್ಡವರಿಗಿಂತ ಅಚ್ಚುಕಟ್ಟಾಗಿ ಮಾಡುತ್ತಾರೆ.